ಎಮ್ಮೆ ತೋರಿಸಿದ ಹಾದಿ

ಸಾಮಾನಗಡ ಹತ್ತುವ ಹಾದಿಯನ್ನು ನನಗೆ ಮೊದಲು ತೋರಿಸಿಕೊಟ್ಟದ್ದು ನಮ್ಮ ಸೋದರಮಾವನ ಎಮ್ಮೆ. ಗಡಹಿಂಗ್ಲಜದಿಂದ ಸುಮಾರು ಹತ್ತು ಕಿಲೋಮೀಟರ್ ದೂರ, ಚಿಂಚೇವಾಡಿಯ ಮಗ್ಗುಲಿಗೆ ಆ ಗಡ. ಮಾವನ ಹೊಲ ಅದರ ಬುಡದಲ್ಲಿತ್ತು. ಎಪ್ಪತ್ತರ ದಶಕದ ಬೇಸಿಗೆ ಸೂಟಿಗಳಲ್ಲಿ ದನ ಕಾಯುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಕಾಯುವುದೆಂದರೆ ಎಮ್ಮೆಗಳ ಬೆನ್ನು ಹತ್ತಿ ಹೋಗುವುದು, ಅಷ್ಟೇ. "ನೀ ಅವನ್ನ ಕಾಯೂದ ಬ್ಯಾಡೋ ತಮ್ಮಾ, ಅವ ನಿನ್ನ ಕಾಯತಾವ" ಎಂದು ಮಾವ ನಗುತ್ತಿದ್ದ.

ಎಮ್ಮೆ ನೇರಕ್ಕೆ ಗುಡ್ಡ ಏರುವುದಿಲ್ಲ. ಓರೆಗೆ ಹೋಗಿ, ನಿಂತು, ತಿರುಗಿ, ಮತ್ತೆ ಓರೆಗೆ ಹೋಗುತ್ತದೆ. ಅವುಗಳ ಗೊರಸಿನಿಂದ ಬಿದ್ದ ಹಾದಿಯಲ್ಲಿ ಆರು ವರ್ಷದ ಹುಡುಗನೂ ಏದುಸಿರು ಬಿಡದೆ ಮೇಲೆ ಮುಟ್ಟುತ್ತಿದ್ದ. ಮೇಲೆ ಹನುಮಪ್ಪನ ಗುಡಿ, ಕುಸಿದ ಕೋಟೆಗೋಡೆ, ಮತ್ತೆ ಆ ಏಳು ಕಮಾನಿನ ಬಾವಿ. ಮೆಟ್ಟಿಲಿಳಿದು ಕಮಾನುಗಳ ಕೆಳಗೆ ಹಾಯುತ್ತ ಹೋದರೆ ಮೇ ತಿಂಗಳಲ್ಲೂ ಮೈ ಜುಮ್ಮೆನ್ನುವ ತಂಪು. ಬುತ್ತಿ ಅಲ್ಲೇ ಬಿಚ್ಚುತ್ತಿದ್ದೆವು: ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬಟ್ಟೆಯಲ್ಲಿ ಕಟ್ಟಿದ ಉಳ್ಳಾಗಡ್ಡಿ.

ಆ ಗೋಡೆ ತಾನಾಗಿ ಕುಸಿದದ್ದಲ್ಲವೆಂದು ತಿಳಿದದ್ದು ದೊಡ್ಡವನಾದ ಮೇಲೆ. ಹನ್ನೆರಡನೆಯ ಶತಮಾನದ ಶಿಲಾಹಾರರ ಭೋಜರಾಜ ಕಟ್ಟಿಸಿದ, ಆಮೇಲೆ ಶಿವಾಜಿ ಗಟ್ಟಿಮಾಡಿದ ಗಡ ಅದು. 1844ರಲ್ಲಿ ಕೊಲ್ಹಾಪುರದ ಕಾರಭಾರ ಇಂಗ್ಲಿಷರ ಹಿಡಿತಕ್ಕೆ ಹೋಗಿ ಗಡ ಕಾಯುತ್ತಿದ್ದ ಗಡಕರಿಗಳ ಹಕ್ಕಿಗೆ ಕೈ ಬಿದ್ದಾಗ ಮೊದಲು ಎದ್ದು ನಿಂತದ್ದು ಇಲ್ಲಿಯ ಗಡಕರಿಗಳೇ. ಅಕ್ಟೋಬರಿನಲ್ಲಿ ಸಾಮಾನಗಡ ಬಿತ್ತು, ಡಿಸೆಂಬರಿನಲ್ಲಿ ಪನ್ಹಾಳ. ದಂಗೆ ಅಡಗಿದ ಮೇಲೆ ಕೋಟೆಯನ್ನು ಕೆಡವಿದರು. ನಾವು ದನ ಬಿಟ್ಟು ಮರಕೋತಿ ಆಡುತ್ತಿದ್ದದ್ದು ಆ ಕಲ್ಲುಗಳ ನಡುವೆ.

ನಮ್ಮ ಕಡೆಯ ಗುಡ್ಡಗಳು ಎರಡೂ ಭಾಷೆ ಬಲ್ಲವು. ಭಡಗಾಂವದ ಗುಡ್ಡದ ಮೇಲಿನ ದೇವಿ ಮರಾಠಿಯವರ ಬಾಯಲ್ಲೂ ಗುಡ್ಡಾಯಿಯೇ. ನಮ್ಮ 'ಗುಡ್ಡ'ಕ್ಕೆ ಅವರ 'ಆಯಿ' ಸೇರಿದೆ. ಗಡಹಿಂಗ್ಲಜದ ಕಾಳಭೈರವನೂ ಊರ ಹೊರಗಿನ ಗುಡ್ಡದವನೇ. ನೂಲ, ಹಲಕರ್ಣಿಯ ಕಡೆಯಿಂದ ಬರುವವರು ಅವನಿಗೆ ಕನ್ನಡದಲ್ಲಿ ಹರಕೆ ಹೊತ್ತು, ಪೇಟೆಯಲ್ಲಿ ಮರಾಠಿಯಲ್ಲಿ ಮೆಣಸಿನಕಾಯಿಯ ದರ ಕಟ್ಟುತ್ತಾರೆ. ದೇವರಿಗೂ ದಲಾಲನಿಗೂ ಬೇರೆ ಬೇರೆ ಭಾಷೆ. ಇದಕ್ಕೆ ಯಾರೂ ತಲೆ ಕೆಡಿಸಿಕೊಂಡದ್ದನ್ನು ನಾನು ಕಾಣೆ.

ಗುಡ್ಡ ಸುತ್ತುವ ಹುಚ್ಚು ಹಿಡಿದದ್ದು ಕಾಲೇಜಿಗೆಂದು ಕೊಲ್ಹಾಪುರ ಸೇರಿದ ಮೇಲೆ. ಇಚಲಕರಂಜಿಯ ನನ್ನ ಅತ್ತೆಯ ಮಗ ಪಾವರ್‌ಲೂಮಿನಲ್ಲಿ ಕೆಲಸಕ್ಕಿದ್ದ. ವಿಠ್ಠಲರಾವ ದಾತಾರ ಎಂಬವರು 1904ರಲ್ಲಿ ತಂದು ಕೂಡಿಸಿದ ಮೊದಲ ಯಂತ್ರಮಗ್ಗದಿಂದ ಬೆಳೆದ ಊರು ಅದು; ಹಗಲೂ ರಾತ್ರಿ ಖಟಖಟ. "ಕಿವಿಗೆ ಸೂಟಿ ಬೇಕೋ" ಎನ್ನುತ್ತ ಅವನು ಮಗ್ಗ ನಿಂತ ದಿನ ಬಸ್ಸು ಹತ್ತಿ ಬರುತ್ತಿದ್ದ. ಬರುವಾಗ ಬಟ್ಟೆಯ ಅಂಚಿನಿಂದ ಕತ್ತರಿಸಿ ಒಗೆದ ಚಿಂದಿಯನ್ನು ಚೀಲದಲ್ಲಿ ತುಂಬಿ ತರುತ್ತಿದ್ದ. ಹಾದಿ ಕವಲೊಡೆದಲ್ಲೆಲ್ಲ ಕವಳಿಯ ಕಂಟಿಗೆ ಒಂದೊಂದು ಬಿಳಿ ಚಿಂದಿ ಕಟ್ಟುವುದು. ತಿರುಗಿ ಬರುವಾಗ ಅದೇ ನಮ್ಮ ನಕಾಶೆ.

ಪನ್ಹಾಳದಿಂದ ವಿಶಾಳಗಡದ ನಡಿಗೆಯಲ್ಲಿ ಈ ಚಿಂದಿ ನಮ್ಮ ಮಾನ ಕಳೆಯಿತು. 1660ರ ಜುಲೈಯಲ್ಲಿ, ಆಷಾಢದ ಹುಣ್ಣಿಮೆಯ ಮಳೆಯೊಳಗೆ, ಸಿದ್ದಿ ಜೌಹರನ ಮುತ್ತಿಗೆಯಿಂದ ತಪ್ಪಿಸಿಕೊಂಡ ಶಿವಾಜಿ ಹೋದ ಹಾದಿ ಅದು. ಬೆನ್ನಟ್ಟಿದವರನ್ನು ಘೋಡಖಿಂಡಿಯಲ್ಲಿ ತಡೆದು ಬಾಜಿಪ್ರಭು ದೇಶಪಾಂಡೆ ಪ್ರಾಣ ಕೊಟ್ಟ. ಅಂದಿನಿಂದ ಅದು ಪಾವನಖಿಂಡ. ಕೊಲ್ಹಾಪುರದ ಹುಡುಗರು ಪ್ರತಿ ಆಷಾಢಕ್ಕೆ ಆ ಹಾದಿ ತುಳಿಯುತ್ತಾರೆ. ಎಂಬತ್ತರ ದಶಕದ ಒಂದು ಮಳೆಗಾಲ ನಾವೂ ಒಂದು ಗುಂಪಿನ ಜೊತೆ ಹೊರಟೆವು. ಮ್ಹಾಳುಂಗೆ ದಾಟಿ ಮಸಾಯಿ ಪಠಾರ ಏರಿದ ಮೇಲೆ ಮಂಜು ಕವಿಯಿತು. ಪಠಾರವೆಂದರೆ ಮೈಲಿಗಟ್ಟಲೆ ಚಪ್ಪಟೆ ಜಂಬಿಟ್ಟಿಗೆ ಕಲ್ಲು. ಕಲ್ಲಿನ ಮೇಲೆ ಕಾಲುದಾರಿ ಬೀಳುವುದಿಲ್ಲ, ಚಿಂದಿ ಕಟ್ಟೋಣವೆಂದರೆ ಒಂದು ಕಂಟಿಯೂ ಇಲ್ಲ. ಗುಂಪಿನ ಮುಂದಾಳು ನಮ್ಮನ್ನು ಬಿಟ್ಟು ಎತ್ತಲೋ ಹೋಗಿದ್ದ. ಎರಡು ತಾಸು ಸುತ್ತಿ ನಾವು ಬಂದು ಮುಟ್ಟಿದ್ದು ನಾವೇ ತಿಂದು ಒಗೆದಿದ್ದ ಬಾಳೆಹಣ್ಣಿನ ಸಿಪ್ಪೆಗೆ.

ಆಗ ಮಂಜಿನೊಳಗಿಂದ ಕಂಬಳಿ ಕೊಪ್ಪೆಯ ಒಬ್ಬ ಧನಗರ ಮುದುಕ, ಅವನ ಹಿಂದೆ ನಾಲ್ಕು ಎಮ್ಮೆ. ನಮ್ಮನ್ನು ನೋಡಿ ಏನನ್ನೂ ಕೇಳಲಿಲ್ಲ, ಹಾದಿ ತಪ್ಪಿದವರ ಮುಖ ಅವನಿಗೆ ಗೊತ್ತಿತ್ತು. ಮರಾಠಿಯಲ್ಲಿ ಒಂದೇ ಮಾತು ಹೇಳಿದ, ಇವುಗಳ ಹಿಂದೆ ಬನ್ನಿ ಎಂದು. ಕರ್ಪೇವಾಡಿಯ ತನಕ ಬಿಟ್ಟು, ತನ್ನ ಗುಡಿಸಲಲ್ಲಿ ಕಪ್ಪು ಚಹಾ ಕೊಟ್ಟು ಕಳಿಸಿದ. ಹಾಲು ಕೊಲ್ಹಾಪುರದ ಗಾಡಿಗೆ ಹೋಗಿತ್ತಂತೆ.

ಆ ಹಾಲಿನ ಗಾಡಿಯ ಮಾತು ನನಗೆ ಆಗ ತಾಗಲಿಲ್ಲ.

ನಾನು ನೌಕರಿಯೆಂದು ಮೂವತ್ತು ವರ್ಷ ಊರು ಬಿಟ್ಟವನು. ತಿರುಗಿ ಬಂದಾಗ ಸಾಮಾನಗಡದ ನೆತ್ತಿಗೆ ಡಾಂಬರು ರಸ್ತೆ. ಹನುಮಪ್ಪನ ಗುಡಿಯ ಮುಂದೆ ಕಾರು ನಿಲ್ಲುತ್ತದೆ. ನಮ್ಮ ಹಳೆಯ ಹಾದಿ ಹುಡುಕಿದರೆ ಬರೀ ಮುಳ್ಳುಕಂಟಿ. ರಸ್ತೆಯೇ ಹಾದಿಯನ್ನು ನುಂಗಿತೆಂದು ಎಲ್ಲರ ಹಾಗೆ ನಾನೂ ಬೈದೆ. ಈಗ ಹಾಗೆ ಬೈಯಲಾರೆ. ರಸ್ತೆ ಒಂದು ಮಗ್ಗುಲಿಗೆ ಬಂತು. ಹಾದಿಗಳು ಸತ್ತದ್ದು ನಾಲ್ಕೂ ಮಗ್ಗುಲಿಗೆ. ಗುಡ್ಡಾಯಿಯ ಗುಡ್ಡದಲ್ಲೂ ಇದೇ ಕಥೆ.

ಕಾರಣ ಕೆಳಗಿತ್ತು. ಆಜರಾ ಕಡೆ ಚಿತ್ರಿಯ ಆಣೆಕಟ್ಟು ಆಗಿ ಹಿರಣ್ಯಕೇಶಿಗೆ ಬೇಸಿಗೆಯಲ್ಲೂ ನೀರು ಬಂತು. ಜೋಳ, ಶೇಂಗಾ ಬಿತ್ತುತ್ತಿದ್ದ ಹೊಲಕ್ಕೆ ಕಬ್ಬು ಬಂತು. ಕಬ್ಬಿನ ಬೆನ್ನಿಗೆ ಸೋಗೆ, ಮನೆ ಬಾಗಿಲಿಗೇ ಹಸಿ ಮೇವು. 1963ರಲ್ಲಿ ಹುಟ್ಟಿದ ಕೊಲ್ಹಾಪುರದ ಹಾಲಿನ ಸಂಘ, ಅದೇ 'ಗೋಕುಳ', ಹಳ್ಳಿಹಳ್ಳಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆದುಕೊಳ್ಳತೊಡಗಿದ ಮೇಲೆ ಎಮ್ಮೆಯನ್ನು ಗುಡ್ಡಕ್ಕೆ ಅಟ್ಟಿ ದಣಿಸುವುದು ನಷ್ಟದ ಬಾಬತ್ತಾಯಿತು. ಅಡುಗೆಗೆ ಗ್ಯಾಸು ಬಂತು, ಕಟ್ಟಿಗೆ ಹೊರೆಯ ಹೆಂಗಸರೂ ಏರುವುದು ಬಿಟ್ಟರು. ಎರಡು ಮಳೆಗಾಲ ಯಾರೂ ತುಳಿಯದಿದ್ದರೆ ಗುಡ್ಡದ ಹಾದಿ ಮಲಗಿಬಿಡುತ್ತದೆ. ಹಾಗೆಂದು ಅತ್ತೆ, ಅತ್ತಿಗೆಯರು ಮತ್ತೆ ತಲೆಯ ಮೇಲೆ ಕಟ್ಟಿಗೆ ಹೊರಲಿ ಎನ್ನುವಷ್ಟು ಕಲ್ಲೆದೆ ನನಗಿಲ್ಲ.

ಗೆಳೆಯನ ಮಗ ಇಟಲಿಯ ಟ್ಯೂರಿನ್‌ನಲ್ಲಿ ಇದ್ದಾನೆ. ಅಲ್ಲಿಯ ಹಳ್ಳಿಗಾಡಿನ ಗುಡ್ಡ ಸುತ್ತಿ ಫೋಟೋ ಕಳಿಸುತ್ತಾನೆ. ಬಂಡೆಗಳ ಮೇಲೆ ಕೆಂಪು ಬಿಳಿ ಬಣ್ಣದ ಪಟ್ಟಿ, ಅದರ ಮೇಲೆ ಹಾದಿಯ ನಂಬರು. ಅದೇ ಊರಲ್ಲಿ 1863ರಲ್ಲಿ ಹುಟ್ಟಿದ ಪರ್ವತಾರೋಹಿಗಳ ಸಂಘದವರು ಬಳಿಯುವ ಗುರುತುಗಳಂತೆ. ಅವೂ ಎಷ್ಟೋ ಕಡೆ ಮೊದಲು ಕುರಿಯ ಹಾದಿ, ಹೇಸರಗತ್ತೆಯ ಹಾದಿ. ಕುರಿ ಹೋದ ಮೇಲೆ ಬಣ್ಣದ ಡಬ್ಬಿ ಹಿಡಿದವರು ಬಂದರು. ಚಿಂದಿ ಕಟ್ಟುತ್ತಿದ್ದ ನನ್ನ ಅತ್ತೆಯ ಮಗನಿಗೆ ಅದನ್ನು ತೋರಿಸಿದೆ. "ಬಣ್ಣ ಆದ್ರ ಮಸಾಯಿ ಕಲ್ಲಿಗೂ ಹತ್ತತಿತ್ತಲೋ" ಎಂದ. ನಲವತ್ತು ವರ್ಷದ ಸಿಟ್ಟು ಇನ್ನೂ ಆರಿಲ್ಲ.

ನಮ್ಮಲ್ಲೂ ಹುಡುಗರು ಬಂದಿದ್ದಾರೆ. 2022ರಲ್ಲಿ 'ಪಾವನಖಿಂಡ್' ಸಿನಿಮಾ ಬಂತು, 2025ರ ಜುಲೈಯಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಹನ್ನೆರಡು ಮರಾಠಾ ಕೋಟೆಗಳಲ್ಲಿ ಪನ್ಹಾಳವೂ ಒಂದು. ನಮ್ಮ ಸಾಮಾನಗಡಕ್ಕೂ ಭಾನುವಾರ ಬೈಕುಗಳ ಸಾಲು. ಕೆಲವರು ಸೆಲ್ಫಿ ತೆಗೆದು ಇಳಿಯುತ್ತಾರೆ, ಕೆಲವರು ಕುಡುಗೋಲು, ಬುಟ್ಟಿ ತಂದು ಕಂಟಿ ಕಡಿದು ಬಾವಿಯ ಹೂಳು ತೆಗೆಯುತ್ತಾರೆ. ಎರಡನೆಯವರ ಮೇಲೆ ನನಗೆ ಗೌರವ.

ಹೋದ ಮಾಗಿಯಲ್ಲಿ ಅಂಥ ಮೂವರು ಹುಡುಗರು ಬುಡದಲ್ಲಿ ಸಿಕ್ಕರು, ಕೈಯಲ್ಲಿ ಮೊಬೈಲು. "ಕಾಕಾ, ಇದರಾಗ ಹಾದಿ ತೋರಸ್ತೈತ್ರಿ, ಇಲ್ಲಿ ನೋಡಿದ್ರ ಏನೂ ಇಲ್ಲ." ನನಗೆ ಹುರುಪು ಬಂತು. ಎಮ್ಮೆಯ ಹಿಂದೆ ಹೋದರೆ ಹಾದಿ ಸಿಗುತ್ತದೆಂದು ಅವರನ್ನು ಕರೆದುಕೊಂಡು ಮಾವನ ಮನೆಗೆ ಹೋದೆ. ಮಾವ ಈಗಿಲ್ಲ. ಅವನ ಮೊಮ್ಮಗ ಕೊಟ್ಟಿಗೆಯಲ್ಲಿ ಕಬ್ಬಿನ ಸೋಗೆ ಹಾಕುತ್ತಿದ್ದ. ಮೂರು ಎಮ್ಮೆ, ಮೂರೂ ದುಂಡಗೆ, ಮೇಲೆ ಫ್ಯಾನು.

ಒಂದನ್ನು ಬಿಚ್ಚಿ ಗುಡ್ಡಕ್ಕೆ ಬಿಡಪ್ಪಾ, ಹಾದಿ ನೋಡಬೇಕು ಅಂದೆ.

ಅವನು ನನ್ನ ಮುಖ ನೋಡಿದ. "ಏನ್ ಅಜ್ಜಾರ, ಚ್ಯಾಷ್ಟಿ ಮಾಡತೀರೇನ್ರಿ? ಇವು ಹುಟ್ಟಿದಾಗಿಂದ ಈ ಗ್ವಾದಲಿ ಬಿಟ್ಟು ಹೋಗಿಲ್ರಿ. ಗುಡ್ಡಕ್ಕ ಬಿಟ್ರ ಅವನ್ನ ಹುಡುಕಾಕ ನಿಮ್ಮನ್ನ ಕಳಸಬೇಕಾಕ್ಕೈತಿ."