ಬೆನ್ನಿಗೆ ಕಣ್ಣಿಲ್ಲ

ಸೈಕಲ್ ಸವಾರಿಯ ವಿಷಯದಲ್ಲಿ ನಾನು ಹೊಸಬನಲ್ಲ. 1970ರ ಸುಮಾರಿನಲ್ಲಿ, ಮೈಸೂರಿನ ನಮ್ಮ ಬೀದಿಯ ತಿರುವಿನಲ್ಲಿದ್ದ ಬಾಡಿಗೆ ಸೈಕಲ್ಲಿನ ಅಂಗಡಿಗೆ ಗಂಟೆಗೆ ಇಪ್ಪತ್ತೈದು ಪೈಸೆಯಂತೆ ತೆತ್ತು, ಸೀಟಿನ ಮೇಲೆ ಕುಳಿತರೆ ಕಾಲು ಎಟುಕದೆ ಒಳಪೆಡಲು ಹೊಡೆದು, ಮೊಣಕಾಲಿನ ಚರ್ಮವನ್ನು ಊರಿನ ಅರ್ಧ ಬೀದಿಗಳಿಗೆ ದಾನಮಾಡಿ ಕಲಿತ ವಿದ್ಯೆ ಅದು. ಅಂದಿನ ದಿನಗಳಲ್ಲಿ ಸೈಕಲ್ ಸವಾರನು ಹೆದರುತ್ತಿದ್ದುದು ಇಬ್ಬರಿಗೆ: ಬೀದಿನಾಯಿಗೆ ಮತ್ತು ಪೊಲೀಸಿನವನಿಗೆ. ಕತ್ತಲಾದ ಮೇಲೆ ದೀಪವಿಲ್ಲದೆ ಹೊರಟರೂ, ಹಿಂದೆ ಇನ್ನೊಬ್ಬನನ್ನು ಕೂರಿಸಿಕೊಂಡರೂ ಪೊಲೀಸಿನವನು ತಡೆದು ನಿಲ್ಲಿಸಿ, ಚಕ್ರದ ಗಾಳಿ ಬಿಟ್ಟು ಕಳುಹಿಸುತ್ತಿದ್ದ. ಆದರೆ ಫುಟ್‌ಪಾತಿನ ಮೇಲೆ ಸೈಕಲ್ ಹತ್ತಿಸುವ ಯೋಚನೆ ನಮ್ಮಲ್ಲಿ ಯಾರಿಗೂ ಬಂದದ್ದು ನೆನಪಿಲ್ಲ. ರಸ್ತೆಯೇ ನಮ್ಮದಾಗಿದ್ದಾಗ ಫುಟ್‌ಪಾತಿನ ಗೊಡವೆ ಯಾರಿಗೆ ಬೇಕಿತ್ತು?

ಕಾಲಾಂತರದಲ್ಲಿ ಬ್ಯಾಂಕಿನ ನೌಕರಿ ನನ್ನನ್ನು ಬೆಂಗಳೂರಿಗೆ ತಂದಿತು. ಸೈಕಲ್ಲು ಹೋಗಿ ಸ್ಕೂಟರು ಬಂತು. ಸ್ಕೂಟರು ಹೋಗಿ ಮಗನ ಕಾರು ಬಂತು. ಕಾರಿನ ಹಿಂದೆಯೇ ನನ್ನ ಹೊಟ್ಟೆಯೂ ಬಂತು. ನಿವೃತ್ತನಾದ ಕೆಲವು ವರ್ಷಗಳ ಮೇಲೆ ರಕ್ತದೊತ್ತಡವನ್ನು ಅಳೆದು ನೋಡಿದ ವೈದ್ಯರು, ಏನಾದರೊಂದು ವ್ಯಾಯಾಮ ಹಿಡಿಯದಿದ್ದರೆ ಮಾತ್ರೆಗಳನ್ನು ಹೆಚ್ಚಿಸಬೇಕಾದೀತೆಂದು ಎಚ್ಚರಿಸಿದರು. ಮರುವಾರವೇ ಮಗ ಹೊಚ್ಚಹೊಸ ಸೈಕಲ್ಲೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದ. ಅರವತ್ತಾರನೆಯ ವಯಸ್ಸಿನಲ್ಲಿ ಮತ್ತೆ ಸೈಕಲ್ಲೇರಿದ ಗಂಡನನ್ನು ಕಂಡು ಮನೆಯಾಕೆ ಸೆರಗಿನ ಮರೆಯಲ್ಲಿ ನಕ್ಕಳೇ ಹೊರತು ಬೇಡವೆನ್ನಲಿಲ್ಲ.

ಬಸವನಗುಡಿಯ ನಮ್ಮ ಮನೆಯಿಂದ ಲಾಲ್‌ಬಾಗಿನ ಪಶ್ಚಿಮದ್ವಾರದವರೆಗೆ ಹೋಗಿ ಬರುವುದು ನನ್ನ ನಿತ್ಯಕರ್ಮವಾಯಿತು. ಮೊದಲ ವಾರ ಸುಖವಾಗಿಯೇ ಕಳೆಯಿತು. ಎರಡನೆಯ ವಾರದ ಒಂದು ಬೆಳಗ್ಗೆ, ಹಿಂದಿನಿಂದ ಬಂದ ಬಸ್ಸೊಂದು ನನ್ನ ಬಲಭುಜಕ್ಕೆ ಗೇಣುದೂರದಲ್ಲಿ ಹಾದುಹೋಯಿತು. ಬಸ್ಸು ತಾಕಲಿಲ್ಲ, ಅದರ ಗಾಳಿ ತಾಕಿತು. ಅಷ್ಟಕ್ಕೇ ಸೈಕಲ್ಲು ಓಲಾಡಿತು. ಅಂಚುಗಲ್ಲಿಗೆ ಕಾಲೂರಿ ನಿಂತವನಿಗೆ ಎದೆಬಡಿತ ತಹಬಂದಿಗೆ ಬರಲು ಐದು ನಿಮಿಷ ಬೇಕಾಯಿತು. ಆ ಐದು ನಿಮಿಷವೂ ನನ್ನ ಕಣ್ಣಮುಂದೆ, ಅರ್ಧ ಅಡಿ ಎತ್ತರದಲ್ಲಿ, ಫುಟ್‌ಪಾತು ಖಾಲಿಯಾಗಿ ಮಲಗಿತ್ತು. ನಾನು ಸೈಕಲ್ಲನ್ನು ಎತ್ತಿ ಅದರ ಮೇಲಿಟ್ಟೆ.

ಮೊದಲ ದಿನ ಕಳ್ಳನಂತೆ ಹೋದೆ. ಯಾರಾದರೂ ಎದುರಾದರೆ ಇಳಿದು ನಿಂತು, ಅವರು ದಾಟಿದ ಮೇಲೆ ಹತ್ತುತ್ತಿದ್ದೆ. ಎರಡನೆಯ ದಿನ ಇಳಿಯಲಿಲ್ಲ, ನಿಧಾನಿಸಿದೆ. ಮೂರನೆಯ ದಿನ ನಿಧಾನಿಸಲೂ ಇಲ್ಲ. ವಾರ ತುಂಬುವುದರೊಳಗೆ ನಾನು ಗಂಟೆ ಬಾರಿಸತೊಡಗಿದ್ದೆ. ನಡೆಯುವವರು ಬೆಚ್ಚಿ ಬದಿಗೆ ಸರಿದು ದಾರಿ ಬಿಟ್ಟಾಗ, ಅದು ನನಗೆ ಸಲ್ಲಬೇಕಾದ ಮರ್ಯಾದೆಯೆಂದೇ ತೋರುತ್ತಿತ್ತು. ಬಸ್ಸಿನವನ ಮೇಲೆ ನನಗಿದ್ದ ಸಿಟ್ಟು ಹಾಗೆಯೇ ಉಳಿದಿತ್ತು. ನಾನೇ ಇನ್ನೊಬ್ಬರಿಗೆ ಬಸ್ಸಾಗಿದ್ದೇನೆ ಎಂಬುದು ಮಾತ್ರ ಹೊಳೆಯಲಿಲ್ಲ.

ನಮ್ಮ ಬೀದಿಗೆ ಎರಡು ಬೀದಿಯಾಚೆ ನಿವೃತ್ತ ಉಪಾಧ್ಯಾಯಿನಿಯೊಬ್ಬರಿದ್ದಾರೆ. ಬಡಾವಣೆಯವರೆಲ್ಲ ಅವರನ್ನು ಟೀಚರಮ್ಮ ಎಂದೇ ಕರೆಯುವುದು. ಎಪ್ಪತ್ತನ್ನು ದಾಟಿದ ಜೀವ, ಒಬ್ಬರೇ ಇದ್ದಾರೆ. ಪ್ರತಿದಿನವೂ ಬೆಳಗಿನ ಆರೂವರೆಗೆ ಕೈಯಲ್ಲಿ ಬಟ್ಟೆಯ ಚೀಲ ಹಿಡಿದು ಹೊರಟು, ಒಂದು ಸುತ್ತು ನಡೆದು, ಹೂವು, ಸೊಪ್ಪು ಕೊಂಡು, ದಾರಿಯಲ್ಲಿ ಸಿಕ್ಕವರೊಡನೆಲ್ಲ ಮಾತನಾಡಿ ಮನೆ ಸೇರುವರು. ಅಂದು ಅವರು ನನ್ನ ಮುಂದೆ ಹತ್ತು ಹೆಜ್ಜೆಯ ದೂರದಲ್ಲಿ ನಡೆಯುತ್ತಿದ್ದರು. ನಾನು ಗಂಟೆ ಬಾರಿಸಿ ಎಡಕ್ಕೆ ತಿರುಗಿಸಿದೆ. ಅವರೂ ಗಂಟೆ ಕೇಳಿ ಎಡಕ್ಕೇ ಸರಿದರು.

ಡಿಕ್ಕಿಯೆಂಬ ದೊಡ್ಡ ಮಾತಿಗೆ ತಕ್ಕುದೇನೂ ಅಲ್ಲಿ ನಡೆಯಲಿಲ್ಲ. ಹ್ಯಾಂಡಲಿನ ತುದಿ ಅವರ ತೋಳಿಗೆ ತಗುಲಿತು, ಅಷ್ಟೆ. ಆದರೆ ಅವರು ಬಿದ್ದರು, ಬೀಳುವಾಗ ಕೈಯೂರಿದರು, ಮಣಿಕಟ್ಟಿನ ಮೂಳೆ ಮುರಿಯಿತು. ಚೀಲದೊಳಗಿನ ಸೇವಂತಿಗೆ ಹೂವು ಕಲ್ಲುಚಪ್ಪಡಿಯ ಮೇಲೆ ಚೆಲ್ಲಿದ್ದನ್ನು ಯಾರೋ ಆಯ್ದು ಕೊಟ್ಟರು. ಆಟೋರಿಕ್ಷಾದಲ್ಲಿ ಅವರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ತಪ್ಪು ನನ್ನದೇ ಇರಬೇಕು. ಈಗೆಲ್ಲ ಹಿಂದೆ ನೋಡಿಕೊಂಡು ನಡೆಯಬೇಕಿತ್ತು,” ಎಂದರು.

ಮೂಳೆ ಆರು ವಾರದಲ್ಲಿ ಕೂಡಿಕೊಂಡಿತು. ಪ್ಲಾಸ್ಟರು ಬಿಚ್ಚಿದ ದಿನ ನಾನು ನೆಮ್ಮದಿಯ ಉಸಿರುಬಿಟ್ಟೆ. ನನ್ನ ಋಣ ತೀರಿತೆಂದುಕೊಂಡೆ. ಆದರೆ ಹದಿನೈದು ದಿನ ಕಳೆದರೂ ಬೆಳಗಿನ ಹಾದಿಯಲ್ಲಿ ಟೀಚರಮ್ಮ ಕಾಣಲಿಲ್ಲ. ವಿಚಾರಿಸಲು ಹೋದ ನನ್ನ ಪತ್ನಿಗೆ ಅವರು ಹೇಳಿದರಂತೆ: ನಡಿಗೆಯೇನೋ ನಿಂತಿಲ್ಲ, ತಾರಸಿಯ ಮೇಲೆ ಇಪ್ಪತ್ತು ಸುತ್ತು ಹಾಕುತ್ತಾರೆ, ಹೂವು, ಸೊಪ್ಪುಗಳನ್ನು ಹುಡುಗನೊಬ್ಬ ಮನೆಗೇ ತಂದುಕೊಡುತ್ತಾನೆ. “ಬೀದಿಯಲ್ಲಿ ನಡೆದರೆ ಹಿಂದಿನಿಂದ ಏನೋ ಬಂದಹಾಗಾಗುತ್ತದೆ,” ಎಂದರಂತೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ನಾನು ಮುರಿದದ್ದು ಒಂದು ಮೂಳೆಯನ್ನೆಂದು ತಿಳಿದಿದ್ದೆ. ಒಂಟಿ ಹೆಂಗಸೊಬ್ಬರ ದಿನವೊಂದಕ್ಕೆ ಇದ್ದ ಮಾತುಕತೆಯನ್ನೆಲ್ಲ ಕಸಿದುಕೊಂಡಿದ್ದೆನೆಂಬುದು ಅಂದು ತಿಳಿಯಿತು.

ಉದ್ಯಾನದ ಕಲ್ಲುಬೆಂಚಿನ ಮೇಲೆ ಕೂರುವ ನಮ್ಮ ಗೆಳೆಯರ ಕೂಟದಲ್ಲಿ ಒಬ್ಬ ನಿವೃತ್ತ ಎಂಜಿನಿಯರರಿದ್ದಾರೆ. ಅವರ ಮುಂದೆ ಈ ಸಂಗತಿಯನ್ನು ತೋಡಿಕೊಂಡಾಗ ಅವರು ನನ್ನ ಪರವಾಗಿ ವಾದ ಹೂಡಿದರು. “ನಿಮ್ಮ ತಪ್ಪೇನು? ಈ ಊರಿನಲ್ಲಿ ಮೋಟಾರ್‌ಬೈಕುಗಳೇ ಫುಟ್‌ಪಾತು ಹತ್ತುತ್ತವೆ. ಜಪಾನಿನಂಥ ಶಿಸ್ತಿನ ದೇಶದಲ್ಲಿಯೇ ಸೈಕಲ್ಲಿಗೆ ಅಲ್ಲಿ ಅವಕಾಶವಿದೆ,” ಎಂದರು.

ಅವರ ಮಾತು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಮನೆಗೆ ಬಂದು ಓದಿ ನೋಡಿದೆ. ಮೋಟಾರುಗಳ ಹಾವಳಿಯಿಂದ ಸೈಕಲ್ ಸವಾರರು ಸಾಯುವುದು ಹೆಚ್ಚಿದಾಗ, 1970ರಲ್ಲಿ ಜಪಾನಿನ ಕಾನೂನು ಗುರುತುಮಾಡಿದ ಕೆಲವು ಪಾದಚಾರಿ ಮಾರ್ಗಗಳ ಮೇಲೆ ಅವರಿಗೆ ಅವಕಾಶ ಕೊಟ್ಟಿತು. ಗುರುತಿಲ್ಲದ ಕಡೆಯಲ್ಲಿಯೂ ಹದಿಮೂರು ತುಂಬದ ಮಕ್ಕಳು, ಎಪ್ಪತ್ತು ತುಂಬಿದ ವೃದ್ಧರು ಹೋಗಬಹುದು. ಆದರೆ ಅಲ್ಲಿ ನಡೆಯುವವರೇ ಯಜಮಾನರು. ಸೈಕಲ್ಲಿನವನು ರಸ್ತೆಯ ಕಡೆಯ ಅಂಚಿನಲ್ಲಿ ಮೆಲ್ಲಗೆ ಹೋಗಬೇಕು, ನಡೆಯುವವರಿಗೆ ಅಡ್ಡಿಯಾಗುವಂತಿದ್ದರೆ ನಿಲ್ಲಬೇಕು. ವಯಸ್ಸಿನ ವಿನಾಯಿತಿಗೆ ಜಪಾನಿನಲ್ಲಿದ್ದರೂ ನಾನು ಇನ್ನು ನಾಲ್ಕು ವರ್ಷ ಕಾಯಬೇಕಿತ್ತು! ಜರ್ಮನಿಯಲ್ಲಿ ಎಂಟು ತುಂಬುವವರೆಗೆ ಮಕ್ಕಳು ಫುಟ್‌ಪಾತಿನಲ್ಲಿಯೇ ಸೈಕಲ್ ನಡೆಸಬೇಕು, ಹತ್ತು ತುಂಬುವವರೆಗೆ ನಡೆಸಬಹುದು. 2016ರಿಂದ ಎಂಟು ತುಂಬದ ಮಗುವಿನ ಜೊತೆಗೆ ಹಿರಿಯರೊಬ್ಬರೂ ಅಲ್ಲಿ ಹೋಗಬಹುದು. ಇಂಗ್ಲೆಂಡಿನಲ್ಲಂತೂ ಪೆಡಲಿನ ಸೈಕಲ್ಲು ಬಳಕೆಗೆ ಬರುವ ಮೊದಲೇ, 1835ರ ಹೆದ್ದಾರಿ ಕಾನೂನು ಪಾದಚಾರಿ ಮಾರ್ಗದ ಮೇಲೆ ಗಾಡಿಗಳನ್ನು ನಿಷೇಧಿಸಿತು. 1888ರಲ್ಲಿ ಸೈಕಲ್ಲೂ ಗಾಡಿಯೇ ಎಂದು ತೀರ್ಮಾನವಾಯಿತು. ಆ ನಿಷೇಧ ಇಂದಿಗೂ ಜಾರಿಯಲ್ಲಿದೆ. ನಮ್ಮಲ್ಲಿಯೂ ಮೋಟಾರು ವಾಹನದವರು ಫುಟ್‌ಪಾತು ಹತ್ತಬಾರದೆಂದು 2017ರ ವಾಹನ ಚಾಲನಾ ನಿಯಮಗಳಿವೆ. 2025ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಡೆತಡೆಯಿಲ್ಲದ ಫುಟ್‌ಪಾತು ಪಾದಚಾರಿಗಳ ಹಕ್ಕು, ಅದು ಸಂವಿಧಾನದ 21ನೆಯ ವಿಧಿ ಕೊಟ್ಟ ಜೀವಿಸುವ ಹಕ್ಕಿನಲ್ಲಿಯೇ ಅಡಗಿದೆ ಎಂದು ಹೇಳಿತು. ಮೋಟಾರ್‌ಬೈಕಿನವನು ಆ ಹಕ್ಕನ್ನು ತುಳಿಯುತ್ತಾನೆಂಬುದು ನಾನೂ ತುಳಿಯಲು ಪರವಾನಗಿಯಾಗಲಾರದು.

ಸೈಕಲ್ ಸವಾರನ ಭಯ ನಿಜವಾದದ್ದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆ ಬಸ್ಸಿನ ಗಾಳಿ ಇನ್ನೂ ನನ್ನ ಭುಜದ ಮೇಲಿದೆ. ನಮ್ಮ ಊರಿನಲ್ಲಿ ಸೈಕಲ್ಲಿಗೆ ಜಾಗವನ್ನೇ ಮಾಡಲಿಲ್ಲವೆಂದೂ ಅಲ್ಲ. ಜಯನಗರದ ಬೀದಿಗಳಲ್ಲಿ ಸೈಕಲ್ಲಿಗೆಂದು ಪಥಗಳನ್ನು ಗುರುತುಮಾಡಿದ್ದರು; ಅವುಗಳ ಮೇಲೆ ಕಾರುಗಳು ನಿಂತವು. 2020ರಲ್ಲಿ ಹೊರವರ್ತುಲ ರಸ್ತೆಯ ಅಂಚಿನಲ್ಲಿಯೂ ಸೈಕಲ್ ಪಥವೊಂದನ್ನು ಬಿಡಿಸಿದ್ದರು. ಆ ಜಾಗವನ್ನು ಕೇಳಿ ಪಡೆಯುವುದು, ಪಡೆದುದನ್ನು ಕಾಯುವುದು ನ್ಯಾಯವಾದ ಹೋರಾಟ. ಆದರೆ ಬಸ್ಸಿನವನೊಡನೆ ಮಾಡಬೇಕಾದ ಜಗಳವನ್ನು ಬಿಟ್ಟು ನಾನು ಟೀಚರಮ್ಮನ ಜಾಗಕ್ಕೆ ನುಗ್ಗಿದೆ. ದೊಡ್ಡವನಿಗೆ ಹೆದರಿ ಚಿಕ್ಕವನನ್ನು ದಬ್ಬುವುದು ಶಾಲೆಯ ಹುಡುಗರಲ್ಲಿ ಕಂಡುಬಂದರೆ ನಾವು ಕಿವಿ ಹಿಂಡುತ್ತೇವೆ.

ಲೆಕ್ಕ ಬರೆದು ಜೀವನ ಕಳೆದವನಾದ್ದರಿಂದ ಇದನ್ನೂ ಲೆಕ್ಕಹಾಕಿ ನೋಡಿದೆ. ವಸತಿ ಬಡಾವಣೆಯಲ್ಲಿ ಪಾದಚಾರಿ ಮಾರ್ಗ ಕನಿಷ್ಠ 1.8 ಮೀಟರ್ ಅಗಲವಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸೂಚನೆ. ಅದರಲ್ಲಿ ಮರವೊಂದು, ಕಂಬವೊಂದು ಪಾಲು ಕೇಳಿದ ಮೇಲೆ ಉಳಿಯುವುದೆಷ್ಟು? ಸೈಕಲ್ಲಿನ ಹ್ಯಾಂಡಲೇ ಸುಮಾರು 60 ಸೆಂಟಿಮೀಟರಿನಷ್ಟಿದೆ. ನಡೆಯುವವರ ವೇಗ ಗಂಟೆಗೆ ನಾಲ್ಕೈದು ಕಿಲೋಮೀಟರು. ನನ್ನದು ಹನ್ನೆರಡರ ಮೇಲೆ. ಗಂಟೆಯ ಸದ್ದು ಕಿವಿಗೆ ಬಿದ್ದಮೇಲೆ ಅವರಿಗೆ ಸಿಕ್ಕುವ ಅವಧಿ ಎರಡು ಮೂರು ಸೆಕೆಂಡು. ಅಷ್ಟರೊಳಗೆ ಸದ್ದು ಎಲ್ಲಿಯದೆಂದು ತಿಳಿದು, ನಾನು ಯಾವ ಕಡೆಗೆ ತಿರುಗುವೆನೆಂದು ಊಹಿಸಿ, ಎಪ್ಪತ್ತು ದಾಟಿದ ಕಾಲುಗಳನ್ನು ಅದಕ್ಕೆ ವಿರುದ್ಧ ದಿಕ್ಕಿಗೆ ಒಯ್ಯಬೇಕು. ಗಂಟೆ “ಬಂದೆ” ಎನ್ನುತ್ತದೆ. “ಎಡಕ್ಕೆ ಬಂದೆ” ಎನ್ನುವುದಿಲ್ಲ.

ಇಷ್ಟಾಗಿ, ಫುಟ್‌ಪಾತು ಇರುವುದೇ ಹಿಂದೆ ನೋಡದೆ ನಡೆಯುವುದಕ್ಕೆ. ರಸ್ತೆಯಲ್ಲಿ ಎಲ್ಲರೂ ಮೈಯೆಲ್ಲ ಕಣ್ಣಾಗಿರಬೇಕು. ಅಲ್ಲಿ ಹಾಗಿರಲಾರದವರಿಗೆಂದು ಊರು ಕಲ್ಲು ಹಾಸಿ ಅರ್ಧ ಅಡಿ ಎತ್ತರಿಸಿ ಈ ಅಂಚನ್ನು ಕೊಟ್ಟಿದೆ. ಕಿವಿ ಮಂದವಾದವರು, ಕಣ್ಣು ಕಾಣದೆ ಕೋಲಿನಿಂದ ತಡವಿಕೊಂಡು ಹೋಗುವವರು, ಮಗುವಿನ ಕೈಹಿಡಿದ ತಾಯಿ, ಮನಸ್ಸಿನಲ್ಲಿ ಏನೋ ಚಿಂತೆ ಹೊತ್ತು ನಡೆಯುವವರು, ಇವರೆಲ್ಲರಿಗೂ ಅಲ್ಲಿ ಮೈಮರೆಯುವ ಹಕ್ಕಿದೆ. ಮನುಷ್ಯನ ಬೆನ್ನಿಗೆ ಕಣ್ಣಿಲ್ಲ. ಬೇಕೆಂದು ಹೇಳುವಂತಹ ಊರನ್ನು ನಾವು ಕಟ್ಟಬಾರದು.

ಮಕ್ಕಳ ಮಾತು ಬೇರೆ. ಮೂರು ಚಕ್ರದಿಂದ ಎರಡು ಚಕ್ರಕ್ಕೆ ಈಗತಾನೆ ಬಡ್ತಿ ಪಡೆದ ಮೊಮ್ಮಗನನ್ನು ಬಸ್ಸುಗಳ ನಡುವೆ ಬಿಡಿರೆಂದು ಯಾರೂ ಹೇಳಲಾರರು. ಅವನ ವೇಗವೂ ಅಜ್ಜಿಯ ವೇಗವೂ ಹೆಚ್ಚುಕಡಿಮೆ ಒಂದೇ. ಮೀಸೆ ಬಂದವರಿಗೆ, ನನ್ನ ಹಾಗೆ ಬಂದ ಮೀಸೆ ನರೆತವರಿಗೆ, ಈ ವಿನಾಯಿತಿ ಸಲ್ಲದು. ರಸ್ತೆ ಭಯಂಕರವಾಗಿರುವೆಡೆ ನಮಗೊಂದು ಸುಲಭೋಪಾಯವಿದೆ: ಇಳಿಯುವುದು. ಇಳಿದು ತಳ್ಳಿಕೊಂಡು ನಡೆದರೆ ಸೈಕಲ್ಲಿನವನೂ ಪಾದಚಾರಿಯೇ. ಬಸ್ಸುಗಳು ಮೈಮೇಲೆ ಬರುವ ಆ ತುಣುಕು ನನ್ನ ಹಾದಿಯಲ್ಲಿ ಮುನ್ನೂರು ಹೆಜ್ಜೆಯಷ್ಟಿದೆ. ನಡೆದು ದಾಟಲು ಮೂರು ನಾಲ್ಕು ನಿಮಿಷ ಸಾಕು. ನಿವೃತ್ತನಾದವನಿಗೆ ಆ ನಿಮಿಷಗಳನ್ನು ಉಳಿಸಿ ಸಾಧಿಸಬೇಕಾದ ಘನಕಾರ್ಯವೇನಿದೆ? ವೈದ್ಯರು ಹೇಳಿದ್ದೂ ವ್ಯಾಯಾಮವನ್ನೇ!

ಮೊನ್ನೆ ಸಂಕ್ರಾಂತಿಯ ದಿನ ನಾವಿಬ್ಬರೂ ಎಳ್ಳು ಕೊಡಲು ಟೀಚರಮ್ಮನ ಮನೆಗೆ ಹೋಗಿದ್ದೆವು. ಆ ನೆವದಲ್ಲಿ ನನ್ನ ಪತ್ನಿ, “ನಾಳೆ ನನ್ನ ಜೊತೆ ಬನ್ನಿ,” ಎಂದು ಒತ್ತಾಯಿಸಿದಳು. ಮರುದಿನ ಅವರು ಬಂದರು. ಬೀದಿಯ ತುದಿಯವರೆಗೆ ಬಂದು ಹಿಂದಿರುಗಿದರು. ಈಗ ವಾರದಲ್ಲಿ ಮೂರು ನಾಲ್ಕು ದಿನ ಹೂವಿನವಳವರೆಗೆ ಬರುತ್ತಾರೆ. ನನ್ನ ಪತ್ನಿ ಅವರ ಪಕ್ಕದಲ್ಲಿರುತ್ತಾಳೆ. ನಾನು ಹತ್ತು ಹೆಜ್ಜೆ ಹಿಂದೆ, ಸೈಕಲ್ಲನ್ನು ತಳ್ಳಿಕೊಂಡು ನಡೆಯುತ್ತೇನೆ. ನಾನು ಹಿಂದೆ ಇರುವೆನೆಂದು ಅವರಿಗೆ ಗೊತ್ತು. ಸೈಕಲ್ಲಿನ ಮೇಲಿಲ್ಲವೆಂಬುದೂ ಗೊತ್ತು. ಆದರೂ ಇಪ್ಪತ್ತು ಮೂವತ್ತು ಹೆಜ್ಜೆಗೊಮ್ಮೆ ಅವರು ನಿಂತು, ಹಿಂದಿರುಗಿ ನೋಡುತ್ತಾರೆ.