ಹಂಪಿಯಲ್ಲಿ ಹನ್ನೊಂದು ನಿಮಿಷ

ನಮ್ಮ ಮನೆಯಲ್ಲಿ ಟ್ರಿಪ್ ಅಂದ್ರೆ ಬ್ಯಾಗಿಗಿಂತ ಮೊದಲು ಎಕ್ಸೆಲ್ ಶೀಟ್ ಓಪನ್ ಆಗುತ್ತೆ. ಓಪನ್ ಮಾಡೋನು ನಾನೇ. ಹಂಪಿಗೆ ಹೊರಟಾಗಲೂ ಹಾಗೇ ಆಯ್ತು. ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತೋದು, ಭಾನುವಾರ ರಾತ್ರಿ ಹೊಸಪೇಟೆಯಲ್ಲಿ ವಾಪಸ್ ರೈಲು ಹಿಡಿಯೋದು, ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ಲಾಗಿನ್ ಆಗೋದು. ನಡುವೆ ಎರಡು ದಿನ, ಹದಿನೇಳು ಜಾಗ. ಪ್ರತಿ ಜಾಗದ ಎದುರಿಗೆ ಸಮಯ, ಅದರ ಪಕ್ಕ ಟಿಕ್ ಹಾಕೋಕೆ ಒಂದು ಖಾಲಿ ಚೌಕ. ಹೆಂಡತಿ ಶೀಟನ್ನ ಮೇಲಿಂದ ಕೆಳಗೆ ನೋಡಿ, "ಇದ್ರಲ್ಲಿ ಮಕ್ಕಳು ಸುಸ್ಸೂ ಮಾಡೋ ಟೈಮ್ ಯಾವುದು?" ಅಂತ ಕೇಳಿದಳು.

ಶನಿವಾರ ಪರವಾಗಿಲ್ಲ ಅನ್ನೋ ಹಾಗೆ ನಡೀತು. ಹೊಸಪೇಟೆಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಆಟೋ ಹತ್ತಿದೆವು. ವಿಠ್ಠಲ ದೇವಸ್ಥಾನದಲ್ಲಿ ಒಂಬತ್ತು ವರ್ಷದ ಮಗಳಿಗೆ ಐವತ್ತು ರೂಪಾಯಿ ನೋಟು ಕೊಟ್ಟು, ಅದರ ಹಿಂದಿರೋ ಕಲ್ಲಿನ ರಥವನ್ನ ಎದುರಿನ ರಥದ ಜೊತೆ ಹೋಲಿಸಿ ನೋಡು ಅಂದೆ. 1856ರಲ್ಲಿ ಗ್ರೀನ್‌ಲಾ ಅನ್ನೋರು ತೆಗೆದ ಫೋಟೋದಲ್ಲಿ ರಥದ ತಲೆ ಮೇಲೆ ಇಟ್ಟಿಗೆಯ ಗೋಪುರ ಇದೆ, ಈಗ ಅದಿಲ್ಲ ಅಂತ ಹೇಳಿದೆ. ಅವಳು ನೋಟು, ರಥ ಎರಡನ್ನೂ ನೋಡಿ, "ಹಾಗಾದ್ರೆ ನೋಟಲ್ಲಿರೋದು ಗೋಪುರ ಹೋದ್ಮೇಲಿನ ರಥ" ಅಂದಳು. ನನಗೆ ಹೆಮ್ಮೆ ಆಯ್ತು. ಆ ಐವತ್ತು ರೂಪಾಯಿ ವಾಪಸ್ ಬರಲಿಲ್ಲ ಅನ್ನೋದು ಬೇರೆ ಮಾತು.

ಐದು ವರ್ಷದ ಮಗನಿಗೆ ಇದ್ಯಾವುದೂ ಬೇಕಿರಲಿಲ್ಲ. ಅವನು ಕಾಯ್ತಾ ಇದ್ದದ್ದು ಆನೆ ಲಾಯಕ್ಕೆ. ಹನ್ನೊಂದು ದೊಡ್ಡ ದೊಡ್ಡ ಕೋಣೆಗಳು, ಮೇಲೆ ಗುಮ್ಮಟಗಳು. ಒಂದೊಂದರೊಳಗೂ ಇಣುಕಿ ನೋಡಿ ಬಂದು, "ಅಪ್ಪ, ಆನೆ ಎಲ್ಲಿ?" ಅಂದ. ಆನೆ ಇಲ್ಲದ ಆನೆ ಲಾಯಕ್ಕೆ ಯಾಕೆ ಕರ್ಕೊಂಡು ಬಂದೆ ಅನ್ನೋ ಸಿಟ್ಟು ಮುಖದಲ್ಲಿತ್ತು. ನಾಳೆ ಬೆಳಿಗ್ಗೆ ನಿಜವಾದ ಆನೆ ತೋರಿಸ್ತೀನಿ ಅಂತ ಮಾತು ಕೊಟ್ಟೆ.

ಭಾನುವಾರ ಬೆಳಿಗ್ಗೆ ಬೇಗ ಎದ್ದು ತುಂಗಭದ್ರೆಯ ದಂಡೆಗೆ ಹೋದೆವು. ವಿರೂಪಾಕ್ಷ ದೇವಸ್ಥಾನದ ಆನೆ ಲಕ್ಷ್ಮಿ ಸ್ನಾನಕ್ಕೆ ಬಂದಿತ್ತು. ನೀರಲ್ಲಿ ಒಂದು ಮಗ್ಗುಲಾಗಿ ಮಲಗಿ ಉಜ್ಜಿಸ್ಕೊಳ್ತಾ ಇತ್ತು. ಮಗ ಮೆಟ್ಟಿಲ ಮೇಲೆ ಕೂತವನು ಏಳಲಿಲ್ಲ. ಶೀಟಿನ ಪ್ರಕಾರ ಅಲ್ಲಿಗೆ ಇಪ್ಪತ್ತು ನಿಮಿಷ. ಐವತ್ತು ನಿಮಿಷ ಆದಾಗ ಅವನನ್ನ ಎಳ್ಕೊಂಡೇ ಎಬ್ಬಿಸಿದೆ. "ಆನೆ ಇನ್ನೂ ಮುಗಿಸಿಲ್ಲ ಅಪ್ಪ" ಅಂತ ಅಳುತ್ತಲೇ ಬಂದ.

ಹನ್ನೊಂದು ಗಂಟೆ ಹೊತ್ತಿಗೆ ವಿರೂಪಾಕ್ಷ ದೇವಸ್ಥಾನದ ಒಳಗಿದ್ದೆವು. ಭಾನುವಾರದ ಜನಜಂಗುಳಿ. ಹೆಂಡತಿ ನೀರಿನ ಬಾಟಲಿ ತರೋಕೆ ಹೊರಗೆ ಹೋದಳು. ಇಬ್ಬರೂ ಮಕ್ಕಳು ನನ್ನ ಜೊತೆ. 1565ರ ಯುದ್ಧ ಆದ್ಮೇಲೆ ಊರೆಲ್ಲ ಹಾಳಾದ್ರೂ ಇಲ್ಲಿ ಪೂಜೆ ಮಾತ್ರ ಇವತ್ತಿಗೂ ನಡೀತಿದೆ ಅಂತ ಮಗಳಿಗೆ ಹೇಳ್ತಾ ಇದ್ದೆ. ಜೇಬಲ್ಲಿ ಫೋನ್ ನಡುಗಿತು. ಆಫೀಸಿಂದ. ಸೋಮವಾರದ ಪ್ರೆಸೆಂಟೇಷನ್‌ನಲ್ಲಿ ಒಂದು ಸ್ಲೈಡಿನ ನಂಬರ್ ಸರಿಯಿದ್ಯಾ ಅಂತ. ಎರಡೇ ನಿಮಿಷದ ಕೆಲಸ. ಫೈಲ್ ತೆರೆದೆ, ನೆಟ್‌ವರ್ಕ್ ಸರಿ ಇರಲಿಲ್ಲ, ಕಂಬಕ್ಕೆ ಒರಗಿ ಕಾದೆ, ನೋಡಿದೆ, ಉತ್ತರ ಕೊಟ್ಟೆ.

ತಲೆ ಎತ್ತಿದಾಗ ಮಗಳು ಕಂಬದ ಶಿಲ್ಪ ನೋಡ್ತಾ ಅಲ್ಲೇ ನಿಂತಿದ್ದಳು. ಮಗ ಇರಲಿಲ್ಲ.

ಮೊದಲ ಒಂದು ನಿಮಿಷ ಸಿಟ್ಟು. ಇಲ್ಲೇ ಎಲ್ಲೋ ಅಡಗಿ ಕೂತಿರ್ತಾನೆ, ಸಿಗಲಿ ಅವನಿಗೆ ಅಂತ. ಆಮೇಲೆ ಹೆಸರು ಹಿಡಿದು ಕೂಗಿದೆ. ಒಂದೊಂದೇ ಕಂಬದ ಹಿಂದೆ ನೋಡಿದೆ. ಅಷ್ಟರಲ್ಲಿ ಹೆಂಡತಿ ಬಂದಳು. "ಪುಟ್ಟ ಎಲ್ಲಿ? ನಿನ್ನ ಜೊತೆ ಇದ್ದ ತಾನೆ?"

"ಒಂದು ಫೋಟೋ ತೆಗೀತಿದ್ದೆ ಅಷ್ಟೇ, ಅಷ್ಟರಲ್ಲಿ…" ಅಂದೆ.

ಆ ಹೊತ್ತಲ್ಲಿ ಸುಳ್ಳು ಯಾಕೆ ಬಂತೋ, ಯೋಚನೆ ಮಾಡದೆ ಬಂತು. ಮಗಳು ನನ್ನ ಮುಖ ನೋಡಿದಳು. ಏನೂ ಹೇಳಲಿಲ್ಲ.

ಆಗ ನೆನಪಾಯ್ತು, ನದಿ. ದೇವಸ್ಥಾನದ ಉತ್ತರದ ಗೋಪುರ ದಾಟಿದ್ರೆ ಹೊಳೆ ದೂರವೇನಿಲ್ಲ. ಮುಗಿಯದ ಸ್ನಾನ, ಆನೆ, ಅತ್ತುಕೊಂಡು ಎದ್ದು ಬಂದ ಹುಡುಗ. ಹೆಂಡತಿಗೆ ಒಳಗೆ ನೋಡು ಅಂತ ಹೇಳಿ ಬರಿಗಾಲಲ್ಲೇ ಓಡಿದೆ. ಕಾದ ಕಲ್ಲು. ಬೆಳಿಗ್ಗೆ ಅಷ್ಟು ಚಂದ ಕಂಡಿದ್ದ ಮೆಟ್ಟಿಲುಗಳು ಈಗ ನೇರ ನೀರೊಳಗೆ ಇಳಿಯೋ ಹಾಗೆ ಕಂಡವು. ಆನೆ ಹೋಗಿತ್ತು. ಬಟ್ಟೆ ಒಗೆಯೋರು, ಮೀಯೋರು, ಸೆಲ್ಫಿಯವರು. ನೀಲಿ ಟೀ ಶರ್ಟ್ ಎಲ್ಲೂ ಇಲ್ಲ. ಡೊಮಿಂಗೊ ಪಯಸ್ ಅನ್ನೋ ಪೋರ್ಚುಗೀಸ್ ಪ್ರವಾಸಿ ಈ ನಗರ ರೋಮ್‌ನಷ್ಟು ದೊಡ್ಡದು ಅಂತ ಬರೆದಿದ್ದ, ಇದನ್ನ ರೈಲಲ್ಲಿ ಮಕ್ಕಳಿಗೆ ಹೇಳ್ಕೊಂಡು ಬಂದಿದ್ದೆ. ಎಷ್ಟು ದೊಡ್ಡದು ಅಂತ ನನಗೆ ಗೊತ್ತಾಗಿದ್ದು ಆ ಮೆಟ್ಟಿಲ ಮೇಲೆ. ಬಂಡೆ, ಮಂಟಪ, ಬಾಳೆ ತೋಟ, ಮತ್ತೆ ಬಂಡೆ. ಎಲ್ಲಿ ಅಂತ ಹುಡುಕೋದು?

ಹೂ ಮಾರೋ ಹೆಂಗಸೊಬ್ಬರು, "ಯಾಕ್ ಅಣ್ಣಾ, ಏನ್ ಹುಡುಕಾಕತ್ತೀರಿ?" ಅಂದ್ರು. ಹೇಳೋಕೆ ಹೋದ್ರೆ ಬಾಯಿ ಒಣಗಿ ಮಾತು ಹೊರಡಲಿಲ್ಲ. ಅಷ್ಟರಲ್ಲಿ ಫೋನ್ ಬಂತು. ಹೆಂಡತಿ. "ಸಿಕ್ಕಿದ. ಬಾ."

ಗರ್ಭಗುಡಿಯ ಹಿಂಭಾಗದಲ್ಲಿ ಒಂದು ಕತ್ತಲೆ ಕೋಣೆ ಇದೆ. ಗೋಡೆಯ ಒಂದು ಸಣ್ಣ ಕಿಂಡಿಯಿಂದ ಬೆಳಕು ಒಳಗೆ ಬಂದು, ಪೂರ್ವದ ಒಂಬತ್ತು ಅಂತಸ್ತಿನ ಗೋಪುರದ ನೆರಳು ಎದುರು ಗೋಡೆ ಮೇಲೆ ತಲೆಕೆಳಗಾಗಿ ಬೀಳುತ್ತೆ. ನನ್ನ ಶೀಟಿನಲ್ಲಿ ಅದಕ್ಕೆ ಐದು ನಿಮಿಷ ಇತ್ತು. ಊರಿಂದ ಟ್ರ್ಯಾಕ್ಸ್ ಮಾಡ್ಕೊಂಡು ಬಂದಿದ್ದ ಒಂದು ಕುಟುಂಬದ ಮಕ್ಕಳ ಹಿಂದೆ ಇವನೂ ಹೋಗಿ ಅಲ್ಲಿ ನಿಂತಿದ್ದ. ಇಳಕಲ್ ಸೀರೆಯ ಅಜ್ಜಿಯೊಬ್ಬರು ಅವನ ಕೈ ಹಿಡ್ಕೊಂಡಿದ್ರು. "ನಮ್ಮ ಹುಡುಗ್ರ ಜೋಡಿ ಬಂದಿತ್ರಿ ಕೂಸು. ಯಾರದೈತೋ ಅಂತ ಹೇಳಿ ಕೈ ಬಿಡಲಿಲ್ಲ ನಾನು" ಅಂದ್ರು. ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಮಗ ನನ್ನ ನೋಡಿದ್ದೇ, "ಅಪ್ಪ, ಗೋಪುರ ಉಲ್ಟಾ ಆಗಿದೆ! ಯಾರು ಮಾಡಿದ್ದು?" ಅಂದ. ಅವನಿಗೆ ತಾನು ಕಳೆದುಹೋಗಿದ್ದೆ ಅನ್ನೋದೇ ಗೊತ್ತಿರಲಿಲ್ಲ. ಕಾಲ್ ಲಿಸ್ಟ್ ನೋಡಿ ಆಮೇಲೆ ಲೆಕ್ಕ ಹಾಕಿದೆ. ಆಫೀಸಿಗೆ ಕಳಿಸಿದ ಉತ್ತರಕ್ಕೂ ಹೆಂಡತಿಯ ಫೋನಿಗೂ ನಡುವೆ ಹನ್ನೊಂದು ನಿಮಿಷ.

ಅಲ್ಲಿಂದ ಮುಂದೆ ಶೀಟ್ ತೆರೀಲಿಲ್ಲ. ಉಗ್ರನರಸಿಂಹ ಉಳೀತು, ಬಡವಿಲಿಂಗ ಉಳೀತು. ಮಧ್ಯಾಹ್ನ ಊಟ ಮಾಡಿ ರೂಮಲ್ಲಿ ಮಕ್ಕಳನ್ನ ಮಲಗಿಸಿದೆವು, ಬಿಸಿಲು ಇಳಿದ್ಮೇಲೆ ಹೇಮಕೂಟದ ಬಂಡೆ ಹತ್ತಿ ಕೂತೆವು. ಕೆಳಗೆ ಅದೇ ಗೋಪುರ, ಈಗ ನೆಟ್ಟಗೆ. ಮಗ ಬಗ್ಗಿ ಎರಡು ಕಾಲಿನ ನಡುವಿನಿಂದ ಅದನ್ನ ನೋಡಿ, "ಈಗ ಸರಿ ಹೋಯ್ತು" ಅಂದ. ಹೆಂಡತಿ ನಕ್ಕಳು. ಬೆಳಿಗ್ಗೆಯಿಂದ ಅದೇ ಮೊದಲ ನಗು.

ರಾತ್ರಿ ರೈಲಲ್ಲಿ ಮಕ್ಕಳು ಮಲಗಿದ್ಮೇಲೆ ಹೇಳಿದೆ. "ನಾನು ಫೋಟೋ ತೆಗೀತಿರಲಿಲ್ಲ."

"ಗೊತ್ತು" ಅಂದಳು. "ಫೋಟೋ ತೋರ್ಸು ಅಂತ ಕೇಳಿದ್ನಾ ನಾನು?"

ಸ್ವಲ್ಪ ಹೊತ್ತು ಬಿಟ್ಟು, "ಅವಳಿಗೂ ಹೇಳು. ಅಪ್ಪ ಯಾಕೆ ಸುಳ್ಳು ಹೇಳಿದ ಅಂತ ಕೇಳ್ತಿದ್ಳು" ಅಂದು ಲೈಟ್ ಆರಿಸಿದಳು.

ಇದಾದ್ಮೇಲೆ ನಾನು ಬದಲಾಗಿಬಿಟ್ಟೆ ಅಂತ ಬರೆಯೋಕೆ ಆಸೆ. ಸೋಮವಾರ ಒಂಬತ್ತೂವರೆಗೆ ಲಾಗಿನ್ ಆದೆ, ಪ್ರೆಸೆಂಟೇಷನ್ ಆಯ್ತು. ಆ ಸ್ಲೈಡ್ ಬಗ್ಗೆ ಯಾರೂ ಕೇಳಲೇ ಇಲ್ಲ. ಮಗಳಿಗೆ ಮಾತ್ರ ಅವತ್ತೇ ಸಂಜೆ ಹೇಳಿದೆ. ಅವಳು ಪೂರ್ತಿ ಕೇಳಿ, "ಸರಿ. ಆದ್ರೆ ಆ ಐವತ್ತು ರೂಪಾಯಿ ನಂದೇ" ಅಂದಳು.

ಮುಂದಿನ ಶನಿವಾರ ಶೂ ಡಬ್ಬಿಯ ಒಂದು ಬದಿಗೆ ಸೂಜಿಯಿಂದ ತೂತು ಹೊಡೆದು, ಎದುರು ಬದಿ ಕತ್ತರಿಸಿ ಬಟರ್ ಪೇಪರ್ ಅಂಟಿಸಿದೆವು. ತಲೆ ಮೇಲೆ ಬೆಡ್‌ಶೀಟ್ ಹೊದ್ದು ಬಾಲ್ಕನಿಯಲ್ಲಿ ಮೂರೂ ಜನ ಕೂತೆವು. ಬೆಳಕು ನೇರ ಗೆರೆಯಲ್ಲೇ ಹೋಗುತ್ತೆ, ಹಾಗಾಗಿ ಮೇಲಿಂದ ಬಂದದ್ದು ತೂತು ದಾಟಿ ಕೆಳಗೆ, ಕೆಳಗಿಂದ ಬಂದದ್ದು ಮೇಲೆ ಬೀಳುತ್ತೆ ಅಂತ ವಿವರಿಸ್ತಾ ಇದ್ದೆ. ಎದುರಿನ ಅಪಾರ್ಟ್‌ಮೆಂಟ್ ತಲೆಕೆಳಗಾಗಿ ಮಸುಕಾಗಿ ಕಂಡಿತು, ಒಣಗೋಕೆ ಹಾಕಿದ ಬಟ್ಟೆ ಸಮೇತ. ಒಳಗೆ ಟೇಬಲ್ ಮೇಲೆ ಫೋನ್ ನಡುಗೋ ಶಬ್ದ ಕೇಳಿಸ್ತು. ಮಗಳು ಬೆಡ್‌ಶೀಟ್ ಒಳಗಿಂದಲೇ ನನ್ನ ಮುಖ ನೋಡಿದಳು. ನಾನು ಡಬ್ಬಿ ಹಿಡ್ಕೊಂಡೇ ಇದ್ದೆ.