ತಟ್ಟೆ ಹಿಡಿದು ನಿಂತವರ ಸಾಲು

ತುಮಕೂರಿನಿಂದ ಉತ್ತರಕ್ಕೆ ಹೊರಟ ಬಸ್ಸು ಕೊರಟಗೆರೆ ದಾಟುತ್ತಿದ್ದಂತೆ ದಾರಿಯ ಎರಡೂ ಬದಿಗೆ ಬಂಡೆಗುಡ್ಡಗಳು ಎದ್ದು ನಿಲ್ಲುತ್ತವೆ. ಮಧುಗಿರಿಯಲ್ಲಿ ಇಡೀ ಊರಿಗೆ ನೆರಳಾದಂತಿರುವ ಏಕಶಿಲೆಯ ಬೆಟ್ಟ. ಅಲ್ಲಿಂದ ಮುಂದೆ ನೆಲ ಒಣಗುತ್ತಾ ಹೋಗಿ, ಪಾವಗಡ ಬರುವಷ್ಟರಲ್ಲಿ ಶೇಂಗಾ ಹೊಲಗಳು, ಜಾಲಿ ಗಿಡಗಳು, ಮೂರು ಕಡೆಯೂ ಆಂಧ್ರದ ಗಡಿ. ಪಶ್ಚಿಮಕ್ಕೆ ಹೆದ್ದಾರಿಯ ಮೇಲೆ ಶಿರಾ. ಈ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ ಶಿಕ್ಷಣ ಇಲಾಖೆಯು ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಕರೆಯುತ್ತದೆ. ಶಾಲೆಯ ಮಕ್ಕಳಿಗೆ ಈ ನಾಲ್ಕು ಹೆಸರುಗಳು ಒಟ್ಟಾಗಿ ಕಿವಿಗೆ ಬೀಳುವುದು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. ಆದರೆ ಒಂದು ರಜೆಯಲ್ಲಿ ಒಟ್ಟಾಗಿ ನೋಡಿ ಬರಬಹುದಾದ ಸೀಮೆಯೂ ಇದೇ.

ನೋಡುವುದಕ್ಕೇನೂ ಕೊರತೆಯಿಲ್ಲ. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯಲ್ಲಿ ಮಹಾಲಕ್ಷ್ಮಿಯ ಗುಡಿ. ಅದೇ ತಾಲ್ಲೂಕಿನ ಸಿದ್ಧರಬೆಟ್ಟದಲ್ಲಿ ಗವಿಯೊಳಗಿನ ಸಿದ್ಧೇಶ್ವರ, ನೀರಿನ ಸೆಲೆ, ಹೆಸರಾದ ಔಷಧಿ ಗಿಡಗಳು. ಮಧುಗಿರಿಯಲ್ಲಿ ಕೋಟೆ, ಪಾವಗಡದಲ್ಲಿ ಶನಿಮಹಾತ್ಮನ ದೇವಸ್ಥಾನ, ಶಿರಾದಲ್ಲಿ ಮೊಘಲರ ಕಾಲದ ಜುಮ್ಮಾ ಮಸೀದಿ. ಮನೆಮಂದಿಯನ್ನು ಕರೆದುಕೊಂಡು ಹೊರಡುವ ತಂದೆತಾಯಿಗಳು ಮೊದಲು ಕೇಳುವ ಪ್ರಶ್ನೆ ಮಾತ್ರ ಬೇರೆ: ‘ಮಧ್ಯಾಹ್ನದ ಊಟ ಎಲ್ಲಿ?’ ಇದಕ್ಕೆ ಈ ಸೀಮೆಯ ಮಠ–ದೇಗುಲಗಳಲ್ಲಿ ಹಳೆಯದೊಂದು ಉತ್ತರವಿದೆ. ಅದರ ಹೆಸರು ದಾಸೋಹ.

ಇಂಥ ಊಟದ ಮನೆಗಳ ಕ್ರಮ ಸರಳ. ಜನ ಕಡಿಮೆಯಿದ್ದರೆ ನೆಲದ ಮೇಲೆ ಪಂಕ್ತಿ. ಜಾತ್ರೆ, ಶುಕ್ರವಾರ, ಶನಿವಾರಗಳಂಥ ನೂಕುನುಗ್ಗಲಿನ ದಿನವಾದರೆ ತಟ್ಟೆ ತೆಗೆದುಕೊಂಡು ಸಾಲಿನಲ್ಲಿ ನಿಲ್ಲಬೇಕು. ಕೊಳಗದಿಂದ ಅನ್ನ, ಬಕೆಟ್ಟಿನಿಂದ ಸಾರು, ಕೊನೆಗೆ ಮಜ್ಜಿಗೆ. ಹಬ್ಬದ ದಿನ ಒಂದು ಸೌಟು ಪಾಯಸ. ಈರುಳ್ಳಿ–ಬೆಳ್ಳುಳ್ಳಿಯ ಘಾಟಿಲ್ಲದ ಸಾದಾ ಅಡುಗೆ. ಬಡಿಸುವವರು ‘ಸಾಕೇ?’ ಎಂದು ಕೇಳುತ್ತಾರೆ. ‘ಯಾರ ಮಗ, ಯಾವ ಊರು’ ಎಂದು ಕೇಳುವುದಿಲ್ಲ. ಉಂಡ ಮೇಲೆ ತಟ್ಟೆಯನ್ನು ನಲ್ಲಿಯ ಕೆಳಗೆ ತೊಳೆದು, ಮಗುಚಿಟ್ಟು ಹೋಗುವುದು ಉಂಡವರದೇ ಕೆಲಸ.

ಮನೆಯಲ್ಲಿ ಲೋಟವನ್ನೂ ಎತ್ತಿಡದ ಹುಡುಗ ಇಲ್ಲಿ ತನ್ನ ತಟ್ಟೆಯನ್ನು ತಾನೇ ಉಜ್ಜುವುದನ್ನು ಕಂಡು ತಾಯಂದಿರು ಬೆರಗಾಗುವುದುಂಟು. ಸ್ವತಃ ಬಡಿಸಿಕೊಳ್ಳುವ ಪದ್ಧತಿ ನಗರದವರಿಗೂ ಹೊಸದಲ್ಲ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಶುರುವಾದ ದರ್ಶಿನಿಗಳಲ್ಲಿ ಜನ ಟೋಕನ್ ಕೊಟ್ಟು, ಇಡ್ಲಿ ಪ್ಲೇಟು ಹಿಡಿದು ನಿಂತೇ ತಿನ್ನುತ್ತಾರೆ. ಅಲ್ಲಿ ಮಾಣಿಯ ಸಂಬಳ ಉಳಿಯುತ್ತದೆ, ಗಿರಾಕಿಯ ಸಮಯ ಉಳಿಯುತ್ತದೆ. ದಾಸೋಹದ ಸಾಲಿನಲ್ಲಿ ಉಳಿಯುವುದು ಇನ್ನೊಂದು: ಉಣ್ಣುವವನ ಮಾನ.

ದಾಸೋಹ ಎಂದರೆ ‘ನಾನು ದಾಸ’ ಎಂಬ ಅರ್ಥ. ಹನ್ನೆರಡನೆಯ ಶತಮಾನದ ಶರಣರು ಕಾಯಕದ ಜೊತೆಗೆ ಈ ಮಾತನ್ನು ಕಟ್ಟಿದರು. ದುಡಿದು ಗಳಿಸು, ಗಳಿಸಿದ್ದನ್ನು ಹಂಚಿ ಉಣ್ಣು ಎಂಬುದು ಅದರ ಸಾರ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ; ಉಣ್ಣುವವನಿಗೆ ಋಣಭಾರವಿಲ್ಲ. ಪಂಕ್ತಿಭೇದ ಸಹಜವೆನಿಸಿದ್ದ ಸಮಾಜದಲ್ಲಿ ಇದು ಸಣ್ಣ ಮಾತಲ್ಲ. ಯಾರು ಯಾರ ಪಕ್ಕ ಕೂರಬೇಕು, ಯಾರಿಗೆ ಮೊದಲು ಬಡಿಸಬೇಕು ಎಂಬುದರಲ್ಲೇ ಮನುಷ್ಯನ ಮೇಲುಕೀಳು ತೀರ್ಮಾನವಾಗುತ್ತಿತ್ತು. ತಟ್ಟೆ ಹಿಡಿದ ಸಾಲಿಗೆ ಆ ಲೆಕ್ಕ ಗೊತ್ತಿಲ್ಲ. ಮೊದಲು ಬಂದವನಿಗೆ ಮೊದಲ ಸೌಟು.

ಈ ಸೀಮೆಯ ಮಕ್ಕಳು ಇದನ್ನು ದಿನವೂ ಕಲಿಯುವ ದೊಡ್ಡ ಜಾಗ ಪಕ್ಕದಲ್ಲೇ ಇದೆ: ತುಮಕೂರಿನ ಸಿದ್ಧಗಂಗಾ ಮಠ. ಮಳೆ ನಂಬಿದ ಹೊಲಗಳ ಎಷ್ಟೋ ಮನೆಗಳಿಂದ ಹುಡುಗರು ಒಂದು ಟ್ರಂಕು, ಒಂದು ತಟ್ಟೆ ಹಿಡಿದು ಅಲ್ಲಿಗೆ ಹೋಗುತ್ತಾರೆ. 1907ರ ಏಪ್ರಿಲ್ 1ರಂದು ಜನಿಸಿದ ಡಾ. ಶಿವಕುಮಾರ ಸ್ವಾಮಿಗಳು 1941ರಿಂದ ಮಠದ ಹೊಣೆ ಹೊತ್ತು, ಜಾತಿಮತ ನೋಡದೆ ಅನ್ನ, ಅಕ್ಷರ, ಆಶ್ರಯ ನೀಡಿದರು. ಅವರ ಕೊನೆಯ ದಿನಗಳ ಹೊತ್ತಿಗೆ ಅಲ್ಲಿ ಉಣ್ಣುತ್ತಿದ್ದ ವಿದ್ಯಾರ್ಥಿಗಳು 10 ಸಾವಿರದಷ್ಟು. 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದಾಗ ಮಕ್ಕಳ ಊಟ ಮುಗಿದ ಮೇಲೆಯೇ ಸುದ್ದಿ ತಿಳಿಸಲಾಯಿತೆಂದು ಪತ್ರಿಕೆಗಳು ವರದಿ ಮಾಡಿದವು. ಆ ದಿನವನ್ನು ರಾಜ್ಯ ಸರ್ಕಾರ ‘ದಾಸೋಹ ದಿನ’ವೆಂದು ಘೋಷಿಸಿದೆ.

ಊಟಕ್ಕೆ ಇಷ್ಟು ಬೆಲೆ ಏಕೆ ಎಂದು ಮಕ್ಕಳು ಕೇಳಿದರೆ ಕಿಟಕಿಯಾಚೆಯ ಹೊಲ ತೋರಿಸಬಹುದು. ಇದು ಮಳೆ ಕೈಕೊಡುವ ನಾಡು. ಜಯಮಂಗಲಿ ಹೊಳೆಯಲ್ಲಿ ವರ್ಷದ ಬಹುಕಾಲ ಕಾಣುವುದು ಮರಳು. ಪಾವಗಡದಲ್ಲಿ ಕೊಳವೆಬಾವಿ ಆಳಕ್ಕಿಳಿದಷ್ಟೂ ನೀರಿನಲ್ಲಿ ಫ್ಲೋರೈಡಿನ ಕಾಟ. 1876–78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಐದರಲ್ಲೊಂದು ಪಾಲು ಜನ ಸತ್ತರೆಂದು ಅಂದಾಜು. ಗಂಜಿ ಕೇಂದ್ರಗಳ ಮುಂದೆ ನಿಂತ ಸಾಲು ಆಗಿನದು. ಇಲ್ಲಿನ ಮನೆಗಳಲ್ಲಿ ಮುದ್ದೆಗೆ ‘ಹಿಟ್ಟು’ ಎಂದೇ ಹೆಸರು. ‘ಹಿಟ್ಟು ಉಂಡ್ಯಾ?’ ಎಂದರೆ ಊಟವಾಯಿತೇ ಎಂದು ಕೇಳಿದಂತೆ. ಅಂಥ ಊರಿನಲ್ಲಿ ತಟ್ಟೆಯಲ್ಲಿ ಅನ್ನ ಬಿಟ್ಟು ಏಳುವುದನ್ನು ಹಿರಿಯರು ಸಹಿಸುವುದಿಲ್ಲ. ಬೇಕಾದಷ್ಟೇ ಹಾಕಿಸಿಕೊಳ್ಳುವುದು, ಬೇಕಾದರೆ ಮತ್ತೆ ಹೋಗುವುದು: ಸಾಲಿನ ಊಟ ಕಲಿಸುವ ಮೊದಲ ಪಾಠ ಇದು.

ಈ ಪಾಠ ಮಠದಿಂದ ಶಾಲೆಗೂ ಬಂದಿದೆ. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಸರ್ಕಾರಿ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲು ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಮೊದಲು ಕೆಲವು ಜಿಲ್ಲೆಗಳಲ್ಲಿ, ಬಳಿಕ ರಾಜ್ಯದೆಲ್ಲೆಡೆ ಬಿಸಿಯೂಟ ಶುರುವಾಯಿತು. ಯೋಜನೆಗೆ ಇಟ್ಟ ಹೆಸರು ‘ಅಕ್ಷರ ದಾಸೋಹ’. ಹೆಸರು ಬಂದಷ್ಟು ಸಲೀಸಾಗಿ ಅದರ ಅರ್ಥ ಎಲ್ಲ ಊರಿಗೂ ಬಂದಿಲ್ಲ. ಅಡುಗೆಯವರ ಜಾತಿ ಕೇಳಿ ಮಕ್ಕಳಿಗೆ ಊಟ ಬೇಡವೆನ್ನಿಸಿದ ಸುದ್ದಿಗಳು ರಾಜ್ಯದ ಅಲ್ಲಲ್ಲಿಂದ ಈಗಲೂ ಬರುತ್ತವೆ. ದೇವಸ್ಥಾನದ ಸಾಲಿನಲ್ಲಿ ಅಪರಿಚಿತರ ಹಿಂದೆ ನಿಂತು ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳುವ ಅನ್ನವನ್ನೇ ಶಾಲೆಯ ಜಗಲಿಯಲ್ಲಿ ಅನುಮಾನಿಸುವುದು ಯಾವ ನ್ಯಾಯ? ಇದಕ್ಕೆ ಉತ್ತರ ಹೇಳಬೇಕಾದವರು ಮಕ್ಕಳಲ್ಲ, ದೊಡ್ಡವರು.

ಹೊರಡುವವರಿಗೆ ಒಂದೆರಡು ಮಾತು. ಚಳಿಗಾಲದ ತಿಂಗಳುಗಳು ಒಳ್ಳೆಯವು. ಮಧುಗಿರಿ ಬೆಟ್ಟವನ್ನು ಬಿಸಿಲೇರುವ ಮುನ್ನ ಹತ್ತಬೇಕು. ಮಳೆ ಬಿದ್ದ ದಿನ ಬಂಡೆ ಜಾರುತ್ತದೆ, ಮಕ್ಕಳ ಕೈ ಬಿಡಬಾರದು. ಕುಡಿಯುವ ನೀರು ಜೊತೆಗಿರಲಿ. ಊಟದ ಹೊತ್ತನ್ನು ಆಯಾ ಕ್ಷೇತ್ರದಲ್ಲಿ ಮೊದಲೇ ವಿಚಾರಿಸಿಕೊಂಡರೆ ಒಳಿತು. ದೊಡ್ಡ ಗುಂಪಾದರೆ ಮುಂಚಿತವಾಗಿ ತಿಳಿಸುವುದು ಅಡುಗೆಯವರಿಗೆ ಮಾಡುವ ಉಪಕಾರ. ಹುಂಡಿಗೆ ಹಾಕುವುದು ಅವರವರ ಶಕ್ತಿಗೆ ಬಿಟ್ಟದ್ದು. ತಟ್ಟೆ ತೊಳೆಯುವುದರಿಂದ ಮಾತ್ರ ಯಾರಿಗೂ ವಿನಾಯಿತಿಯಿಲ್ಲ.